ಬಿಪಿ ಓಪಿಡಿಯಲ್ಲಿ ಕಲಿತದ್ದು

ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಬಿಪಿ ಚಿಕಿತ್ಸೆಯ ಮಾರ್ಗಸೂಚಿ ಗೊತ್ತಿಲ್ಲ ಅಂತೇನಿಲ್ಲ. 2017ರಲ್ಲಿ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಉಪಕ್ರಮ ಶುರುವಾದ ಮೇಲಂತೂ ಅದು ಒಂದೇ ಹಾಳೆಗೆ ಇಳಿದಿದೆ. ಹಾಳೆಯನ್ನು ಗೋಡೆಗೆ ಅಂಟಿಸಿದ ಮೇಲಿನ ಕಥೆ ಬೇರೆ. ಉತ್ತರ ಕರ್ನಾಟಕದ ಓಪಿಡಿಯಲ್ಲಿ ಕೂತು ನಾನು ಕಲಿತದ್ದು ಇಷ್ಟು:

1. ಮೊದಲು ಕೂರಿಸಿ. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದವರ ತೋಳಿಗೆ ತಕ್ಷಣ ಪಟ್ಟಿ ಸುತ್ತಿದರೆ ಅಂಕಿ ಏರಿಯೇ ಇರುತ್ತದೆ. ಐದು ನಿಮಿಷ ವಿಶ್ರಾಂತಿ, ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ, ಮಾತು ಬಂದ್. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೂ ಅಂಕಿ ಜಾಸ್ತಿ ಬರುತ್ತದೆ. ದೊಡ್ಡ ಪಟ್ಟಿ ಬೀರುವಿನಿಂದ ಮೇಜಿನ ಮೇಲೆ ಬರಲಿ.

2. 140/90 ದಾಟಿದರೆ ಮತ್ತೊಮ್ಮೆ ಅಳೆಯಿರಿ, ಇನ್ನೊಂದು ದಿನವೂ ಕರೆಸಿ. 180/110 ದಾಟಿ ಎದೆನೋವೋ, ಉಬ್ಬಸವೋ, ಮಾತಿನ ತೊದಲೋ ಇದ್ದರೆ ಮಾತ್ರ ಕಾಯುವ ಮಾತಿಲ್ಲ, 108ಕ್ಕೆ ಫೋನ್ ಮಾಡಿ.

3. 'ನೋಡೋಣ' ಎನ್ನುವುದು ನಮ್ಮ ವೃತ್ತಿಯ ದೊಡ್ಡ ರೋಗ. ಅಮ್ಲೋಡಿಪಿನ್ 5 ಮಿ.ಗ್ರಾಂ ಶುರುಮಾಡಿ ತಿಂಗಳಾಗಿದೆ, ಇವತ್ತು 152/94. 'ಉಪ್ಪು ಕಡಿಮಿ ಮಾಡ್ರಿ, ನೋಡೋಣು' ಎಂದು ಅದೇ ಚೀಟಿ ಬರೆಯುತ್ತೇವೆ. ಮುಂದಿನ ತಿಂಗಳೂ ಅದೇ ಹಾಡು. ಮೊದಲು ಖಾಲಿ ಶೀಟು ತೋರಿಸಲು ಹೇಳಿ, ಗುಳಿಗೆ ನುಂಗಿದ್ದಾರೋ ಇಲ್ಲವೋ ತಿಳಿಯುತ್ತದೆ. ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನ ಡೈಕ್ಲೋಫೆನಾಕ್ ನಡೆದಿದೆಯೇ ಕೇಳಿ, ಅದೂ ಬಿಪಿ ಏರಿಸುತ್ತದೆ. ಎರಡೂ ಸರಿಯಿದ್ದರೆ ಅವತ್ತೇ ಹಾಳೆಯ ಮುಂದಿನ ಮೆಟ್ಟಿಲು ಹತ್ತಿ. ನಮ್ಮಲ್ಲಿ ಅದು ಟೆಲ್ಮಿಸಾರ್ಟನ್ 40. ಬಸುರಿಯರಿಗೆ, ಬಸಿರಾಗುವ ಸಾಧ್ಯತೆ ಇರುವವರಿಗೆ ಇದು ಬೇಡ. ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ಹಾಳೆ ನೋಡಿ ಬರೆಯುವುದೂ ಒಂದು ಡಾಕ್ಟರಿಕೆಯೇ ಎಂದು ಹೊಸಬರು ಮೂಗು ಮುರಿಯುತ್ತಾರೆ. ಸಂತೆಯ ದಿನ ಬಾಗಿಲಾಚೆಗೂ ಸಾಲು ಬೆಳೆದಾಗ ಹಾಳೆ ನಮಗಿಂತ ಜಾಣ.

4. "ಈಗ ನಾರ್ಮಲ್ ಐತಲ್ರೀ ಸಾಹೇಬ್ರ, ಗುಳಿಗಿ ಬಿಡ್ಲೇನ್ರಿ?" ಈ ಪ್ರಶ್ನೆ ಬಂದೇ ಬರುತ್ತದೆ. ಗುಳಿಗೆಯಿಂದಲೇ ನಾರ್ಮಲ್ ಎಂಬುದನ್ನು ಮೊದಲ ಭೇಟಿಯಲ್ಲೇ ಹೇಳಿಬಿಡಿ. ಅಮ್ಲೋಡಿಪಿನ್‌ನಿಂದ ಕಾಲು ಬಾತುಕೊಳ್ಳಬಹುದು ಎಂಬುದನ್ನೂ ಹೇಳಿ. ಇಲ್ಲವಾದರೆ ಕಿಡ್ನಿ ಹೋಯಿತೆಂದು ಹೆದರಿ ತಾವೇ ನಿಲ್ಲಿಸುತ್ತಾರೆ.

5. ಉಪ್ಪಿನ ಮಾತು ಒಲೆಯ ಮುಂದಿರುವವರಿಗೆ. ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗೆ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ. ಶೇಂಗಾ ಹಿಂಡಿ, ಉಪ್ಪಿನಕಾಯಿ, ಹಪ್ಪಳ ಎಲ್ಲ ಸೇರಿ. ರೊಟ್ಟಿ ಜೊತೆ ಹಿಂಡಿ ಬಿಡಿ ಎಂದರೆ ಯಾರೂ ಕೇಳುವುದಿಲ್ಲ. ಕುಟ್ಟುವಾಗ ಉಪ್ಪು ಕಡಿಮೆ ಹಾಕಿ ಎಂದರೆ ಕೆಲವರಾದರೂ ಕೇಳುತ್ತಾರೆ.

6. ಗೋವಾಕ್ಕೆ ದುಡಿಯಲು, ಕಬ್ಬು ಕಡಿಯಲು ಹೋಗುವವರು ಹೇಳಿ ಹೋಗುವುದಿಲ್ಲ, ನಾವೇ ಕೇಳಬೇಕು. ಹೊರಟವರಿಗೆ ಹೆಚ್ಚಿನ ಗುಳಿಗೆ ಕಟ್ಟಿಕೊಡಿ. ಬಾರದೇ ಉಳಿದವರ ಹೆಸರು ತಿಂಗಳಿಗೊಮ್ಮೆ ಆಶಾ ಕಾರ್ಯಕರ್ತೆಯ ಕೈ ಸೇರಲಿ. ಇದಕ್ಕೆಲ್ಲ ಮೊದಲು ಕಪಾಟಿನಲ್ಲಿ ಗುಳಿಗೆ ಇರಬೇಕಲ್ಲ? ವೈದ್ಯಾಧಿಕಾರಿಗಳೇ, ಇಂಡೆಂಟ್ ಹಾಕುವಾಗ ಬಿಪಿ ಗುಳಿಗೆಗಳನ್ನು ಮೊದಲ ಸಾಲಿನಲ್ಲೇ ಬರೆಯಿರಿ, ದಾಸ್ತಾನು ಮುಗಿಯುವ ಮುಂಚೆ.