ಸಮವಸ್ತ್ರ ಕಳಚುವ ಮೊದಲೇ ಆಗಬೇಕಾದ ಕೆಲಸ

ಪ್ರಶ್ನೆ: ನಮ್ಮ ಮನೆ ಮಂಗಳೂರಿನ ಬೆಂಗ್ರೆಯಲ್ಲಿ. ಅಪ್ಪ ಟ್ರಾಲ್ ಬೋಟು ನಡೆಸುವ ತಾಂಡೇಲರಾಗಿದ್ದರು, ಈಗ ಅಣ್ಣ ಬೋಟು ನೋಡಿಕೊಳ್ಳುತ್ತಾನೆ. ನಾನು ಪಿಯುಸಿ ಮುಗಿಸಿ ವಾಯುಪಡೆಗೆ ಸೇರಿದವನು. ಏರ್‌ಫ್ರೇಮ್ ಫಿಟ್ಟರ್, ಈಗ ಸಾರ್ಜೆಂಟ್. ಮುಂದಿನ ವರ್ಷ 20 ವರ್ಷದ ಸರ್ವಿಸ್ ಮುಗಿಯುತ್ತದೆ. ವಿಮಾನದ ಕೆಲಸ ಬಿಡುವ ಮನಸ್ಸಿಲ್ಲ. ಬೆಂಗಳೂರಿನಲ್ಲಿ ವಿಮಾನ, ರಾಕೆಟ್ ಭಾಗಗಳನ್ನು ಪರೀಕ್ಷಿಸುವ ಕಡೆ ಸೇರುವ ಆಸೆ. ಆದರೆ ಡಿಗ್ರಿ ಇಲ್ಲ. ನನಗಿಂತ ಮೊದಲು ಹೊರಬಂದ ಗೆಳೆಯನಿಗೆ ಸಂದರ್ಶನದಲ್ಲಿ "ನೀವು ರಿಪೇರಿ ಮಾಡಿದವರು, ಟೆಸ್ಟಿಂಗ್ ಗೊತ್ತಿಲ್ಲವಲ್ಲ" ಅಂದರಂತೆ. ಮಾವ "ಮೊದಲು ಬ್ಯಾಂಕಿನಲ್ಲಿ ಸಿಕ್ಕಿದ್ದಕ್ಕೆ ಸೇರು, ಆಮೇಲೆ ನೋಡುವ" ಅನ್ನುತ್ತಾರೆ. ಅಪ್ಪನಿಗೆ ನಾನು ಊರಿಗೆ ಬಂದು ಅಣ್ಣನ ಜೊತೆ ನಿಲ್ಲಬೇಕು. ಹೆಂಡತಿಗೆ ಊರೂರು ಸುತ್ತಿ ಸಾಕಾಗಿದೆ. ಇದರ ನಡುವೆ ಅಕ್ಕನ ಮಗ ಅಗ್ನಿವೀರನಾಗುತ್ತೇನೆಂದು ಹಠ ಹಿಡಿದಿದ್ದಾನೆ. ಏನು ಮಾಡಲಿ?
— ಹೆಸರು ಬೇಡ, ಬೆಂಗ್ರೆ

ಉತ್ತರ: ಮೊದಲು ನಿಮ್ಮ ಮಾವನ ಮಾತನ್ನೇ ತೆಗೆದುಕೊಳ್ಳುತ್ತೇನೆ. ಇಡೀ ಪತ್ರದಲ್ಲಿ ನನಗೆ ಗಾಬರಿ ಹುಟ್ಟಿಸಿದ್ದು ಅದೊಂದೇ. ಕೇಂದ್ರ ಸರಕಾರದ ಗ್ರೂಪ್ ಸಿ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಶೇ. 10, ಸಾರ್ವಜನಿಕ ಉದ್ದಿಮೆಗಳಲ್ಲಿ ಶೇ. 14.5 ಮೀಸಲಾತಿ ಇದೆ. ವಯಸ್ಸಿನ ಲೆಕ್ಕದಲ್ಲಿ ನಿಮ್ಮ ಸೇವಾವಧಿಯನ್ನೂ ಅದರ ಮೇಲೆ ಮೂರು ವರ್ಷವನ್ನೂ ಕಳೆಯುತ್ತಾರೆ. ಆದರೆ ಈ ಮೀಸಲಾತಿ ಬಳಸಿ ಒಮ್ಮೆ ಸರಕಾರಿ ಕೆಲಸಕ್ಕೆ ಸೇರಿದಿರೋ, ಮುಂದಿನ ಹುದ್ದೆಗೆ ಅದು ಸಿಗುವುದಿಲ್ಲ. ಒಂದು ವಿನಾಯಿತಿ ಇದೆ: ಸೇರುವ ಮೊದಲೇ ಬೇರೆ ಕಡೆ ಹಾಕಿದ್ದ ಅರ್ಜಿಗಳ ಪಟ್ಟಿಯನ್ನು, ಸೇರಿದ ಕೂಡಲೇ ದಿನಾಂಕ ಸಹಿತ ಬರೆದು ಕೊಟ್ಟಿದ್ದರೆ ಆ ಅರ್ಜಿಗಳಿಗೆ ಮಾತ್ರ ಹಕ್ಕು ಉಳಿಯುತ್ತದೆ. ಬ್ಯಾಂಕ್ ಕೆಲಸವನ್ನು ನಾನು ಕೀಳೆನ್ನುತ್ತಿಲ್ಲ. ಇಸ್ರೋ, ಡಿಆರ್‌ಡಿಒ, ಎಚ್‌ಎಎಲ್‌ಗೆ ಹೋಗುವ ಆಸೆ ಇಟ್ಟುಕೊಂಡು ಕೈಯಲ್ಲಿದ್ದ ಟಿಕೆಟನ್ನು ಬೇರೆ ಬಸ್ಸಿಗೆ ಕೊಟ್ಟುಬಿಡಬೇಡಿ ಅಷ್ಟೇ. ಖಾಸಗಿ ಕಂಪನಿಗೆ ಸೇರಿದರೆ ಈ ಮೀಸಲಾತಿಗೆ ಏನೂ ಆಗುವುದಿಲ್ಲ. ಸೇವೆ ಮುಗಿಯಲು ಒಂದು ವರ್ಷ ಬಾಕಿಯಿರುವಾಗಲೇ ಮಾಜಿ ಸೈನಿಕ ಕೋಟಾದಲ್ಲಿ ಅರ್ಜಿ ಹಾಕಲು ಅವಕಾಶವಿದೆ. ಅಂದರೆ ನಿಮ್ಮ ಸಮಯ ಈಗಲೇ ಶುರುವಾಗಿದೆ.

ಇನ್ನು "ಟೆಸ್ಟಿಂಗ್ ಗೊತ್ತಿಲ್ಲ" ಎಂಬ ಮಾತು. ಅದರಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ನೀವು ಅರ್ಥ ಮಾಡಿಕೊಂಡರೆ ಉಳಿದರ್ಧ ನಿಮ್ಮ ಪರವಾಗಿಯೇ ಇದೆ. ಸ್ಕ್ವಾಡ್ರನ್‌ನಲ್ಲಿ ನಿಮ್ಮ ಗುರಿ ಬೆಳಿಗ್ಗೆಯೊಳಗೆ ವಿಮಾನ ಹಾರಲು ತಯಾರಾಗಬೇಕು ಎಂಬುದು. ಸ್ನ್ಯಾಗ್ ಕಂಡರೆ ಸರಿಪಡಿಸಿ, ಫಾರ್ಮ್ 700ರಲ್ಲಿ ಸಹಿ ಹಾಕಿ ಬಿಡುತ್ತೀರಿ. ಪರೀಕ್ಷಾ ಕೇಂದ್ರದಲ್ಲಿ ಬಿರುಕು ಕಂಡರೆ ಯಾರೂ ಮೊದಲು ಸರಿಪಡಿಸುವುದಿಲ್ಲ. ಅದು ಎಲ್ಲಿ, ಎಷ್ಟು ಉದ್ದ, ಎಷ್ಟನೇ ಸುತ್ತಿನಲ್ಲಿ ಕಂಡಿತು ಎಂದು ಮೊದಲು ಬರೆಯುತ್ತಾರೆ.

ಬೆಂಗಳೂರಿನ ಎನ್‌ಎಎಲ್‌ನಲ್ಲಿ (ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್) ಇಡೀ ವಿಮಾನದ ಆಯಾಸ ಪರೀಕ್ಷೆ ಮಾಡುವ ವ್ಯವಸ್ಥೆ ಇದೆ. ಇಂಥ ಪರೀಕ್ಷೆಯಲ್ಲಿ ವಿಮಾನವನ್ನು ಉಕ್ಕಿನ ಚೌಕಟ್ಟಿನೊಳಗೆ ಕಟ್ಟಿ ನಿಲ್ಲಿಸಿ, ರೆಕ್ಕೆಗಳನ್ನು ಹೈಡ್ರಾಲಿಕ್ ಜ್ಯಾಕ್‌ಗಳಿಂದ ಎಳೆದು ಬಿಡುತ್ತಾರೆ. ಹಾರಾಟದಲ್ಲಿ ವರ್ಷಗಳಲ್ಲಿ ಆಗುವ ಒತ್ತಡವನ್ನು ತಿಂಗಳುಗಳಲ್ಲಿ ಕೊಟ್ಟು ನೋಡುತ್ತಾರೆ. ಅದಕ್ಕೂ ಮೊದಲು ಟೆಕ್ನಿಶಿಯನ್ ಲೋಹದ ಮೇಲಿನ ಬಣ್ಣ ತೆಗೆದು, ಎಮರಿ ಕಾಗದದಿಂದ ಉಜ್ಜಿ, ಅಸಿಟೋನ್‌ನಿಂದ ಒರೆಸಿ, ಉಗುರಿಗಿಂತ ಚಿಕ್ಕದಾದ ಸ್ಟ್ರೈನ್ ಗೇಜನ್ನು ಅಂಟಿಸಬೇಕು. ಒರೆಸಿದ ಜಾಗಕ್ಕೆ ಬೆರಳು ತಾಗಿದರೆ ಮತ್ತೆ ಮೊದಲಿಂದ. ಅಂಟು ಒಣಗಿದ ಮೇಲೆ ಸಪೂರ ತಂತಿ ಬೆಸೆದು, ಮೀಟರ್ ಹಿಡಿದು ಓಮ್ ನೋಡಬೇಕು. ಇಂಥ ಗೇಜುಗಳು ಒಂದೆರಡಲ್ಲ, ಒಂದು ರಾಶಿ ಇರುತ್ತವೆ. ಯಾವುದೋ ಒಂದರ ಸಂಖ್ಯೆ ತಪ್ಪಾಗಿ ಬರೆದರೆ ಆ ಜಾಗದ ಲೆಕ್ಕವೆಲ್ಲ ಬೇರೆ ಜಾಗದ ಹೆಸರಿಗೆ ಹೋಗುತ್ತದೆ. ಆಮೇಲೆ ಪರೀಕ್ಷೆ ನಡೆಯುವಾಗ ನಿಗದಿತ ಸುತ್ತುಗಳಿಗೊಮ್ಮೆ ನಿಲ್ಲಿಸಿ, ರಿವೆಟ್ ರಂಧ್ರಗಳ ಸುತ್ತ ಎಡ್ಡಿ ಕರೆಂಟ್ ಪ್ರೋಬ್ ಹಿಡಿದು ಬಿರುಕು ಹುಡುಕಬೇಕು. ರಾತ್ರಿ ಪಾಳಿಯಲ್ಲಿ, ಏನೂ ಕಾಣದ ನೂರನೇ ರಂಧ್ರವನ್ನೂ ಮೊದಲನೆಯದರಷ್ಟೇ ನಿಗಾ ಇಟ್ಟು ನೋಡುವವನು ಬೇಕು. ಟೂಲ್ ಬೋರ್ಡ್‌ನಲ್ಲಿ ಒಂದು ಸ್ಪ್ಯಾನರ್ ಕಮ್ಮಿಯಾದರೆ ಹ್ಯಾಂಗರ್ ಬಿಟ್ಟು ಕದಲದವರು ನೀವು. ಈ ಗುಣವನ್ನು ಯಾವ ಕಾಲೇಜೂ ಎರಡು ವರ್ಷದಲ್ಲಿ ಕಲಿಸಲಾರದು.

ಸಂದರ್ಶನದಲ್ಲಿ ಇದನ್ನೇ ಹೇಳಿ. ಎಷ್ಟು ವಿಮಾನ, ಯಾವ ಸ್ಕ್ವಾಡ್ರನ್, ಎಲ್ಲಿ ಎಂಬುದು ಬೇಡ. ಅದನ್ನು ಹೇಳಕೂಡದೂ ಹೌದು. ನೀವೇ ಹಿಡಿದ ಒಂದು ದೋಷವನ್ನು ಆರಿಸಿಕೊಳ್ಳಿ. ಹೇಗೆ ಕಂಡಿತು, ಯಾವುದರಿಂದ ಅಳೆದಿರಿ, ಆ ಸಾಧನದ ಕ್ಯಾಲಿಬ್ರೇಷನ್ ದಿನಾಂಕ ನೋಡಿದ್ದಿರಾ, ಏನೆಂದು ಬರೆದಿರಿ ಎಂದು ಐದು ನಿಮಿಷ ಹೇಳಲು ಅಭ್ಯಾಸ ಮಾಡಿ. ಇಂಗ್ಲಿಷ್ ಸರಾಗವಾಗಿ ಬರಬೇಕಾಗಿಲ್ಲ, ವರದಿಯ ನಾಲ್ಕು ವಾಕ್ಯ ತಪ್ಪಿಲ್ಲದೆ ಬರೆಯಲು ಬಂದರೆ ಸಾಕು.

ಎಲ್ಲಿ ಪ್ರಯತ್ನಿಸಬೇಕು? ಬೆಂಗಳೂರು ಈ ಕೆಲಸದ ತವರು. ಎಚ್‌ಎಎಲ್ ಹುಟ್ಟಿದ್ದು 1940ರಲ್ಲಿ. ವಾಯುಪಡೆಯದೇ ಆದ ವಿಮಾನ ಪರೀಕ್ಷಾ ಸಂಸ್ಥೆ ಎಎಸ್‌ಟಿಇ ಇರುವುದೂ ಅಲ್ಲೇ, ನಿಮಗೆ ಗೊತ್ತೇ ಇರುತ್ತದೆ. ಅಲ್ಲಿ ಕೆಲಸ ಮಾಡಿದ ನಿಮ್ಮ ಟ್ರೇಡಿನವರನ್ನು ಹುಡುಕಿ ಮಾತಾಡಿ, ನನ್ನ ಉತ್ತರಕ್ಕಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ತೇಜಸ್ 2001ರ ಜನವರಿ 4ರಂದು ಮೊದಲ ಬಾರಿ ಹಾರಿದ್ದು ಎಚ್‌ಎಎಲ್ ವಿಮಾನ ನಿಲ್ದಾಣದಿಂದ. ಬೆಂಗಳೂರಿನ ಹೊರಗೆ, ಚಳ್ಳಕೆರೆ ಬಳಿ ಡಿಆರ್‌ಡಿಒದ ಪರೀಕ್ಷಾ ವಲಯ 2017ರಲ್ಲಿ ಶುರುವಾಯಿತು. ಜೆಟ್ ಎಂಜಿನ್ ಪರೀಕ್ಷೆಗೆ ಬೆಂಗಳೂರಿನಲ್ಲೇ ಡಿಆರ್‌ಡಿಒದ ಜಿಟಿಆರ್‌ಇ ಇದೆ, ಆದರೆ ನೀವು ಏರ್‌ಫ್ರೇಮಿನವರು, ರಚನಾ ಪರೀಕ್ಷೆ ಮತ್ತು ಎನ್‌ಡಿಟಿ (ಭಾಗಕ್ಕೆ ಹಾನಿ ಮಾಡದೆ ದೋಷ ಹುಡುಕುವ ಪರೀಕ್ಷೆ) ನಿಮಗೆ ಹತ್ತಿರದ ದಾರಿ.

ಎನ್‌ಡಿಟಿ ಎಂದ ಕೂಡಲೇ ಒಂದು ಎಚ್ಚರಿಕೆ. ಗಲ್ಫ್ ಕೆಲಸಕ್ಕೆಂದು ಕೆಲವೇ ವಾರದಲ್ಲಿ ಲೆವೆಲ್ 2 ಕೊಡುತ್ತೇವೆ ಎನ್ನುವ ಕೇಂದ್ರಗಳಿವೆ. ಅಲ್ಲಿನ ಒತ್ತು ಪೈಪು, ಬೆಸುಗೆಯ ಮೇಲೆ. ವಿಮಾನಕ್ಕೆ ಬೇಕಾದದ್ದು ಮುಖ್ಯವಾಗಿ ಡೈ ಪೆನೆಟ್ರೆಂಟ್, ಎಡ್ಡಿ ಕರೆಂಟ್, ಅಲ್ಟ್ರಾಸಾನಿಕ್. ವಿಮಾನಯಾನ ಕ್ಷೇತ್ರದಲ್ಲಿ ಅಂತಿಮ ಪ್ರಮಾಣಪತ್ರ ಕೊಡುವುದು ಕೆಲಸ ಕೊಟ್ಟ ಸಂಸ್ಥೆ, ತರಬೇತಿಯ ಗಂಟೆ ಮತ್ತು ಅನುಭವ ನೋಡಿ. ಹಾಗಾಗಿ ವಾಯುಪಡೆಯೊಳಗೇ ಎನ್‌ಡಿಟಿ ಕೋರ್ಸ್ ಅಥವಾ ಅನುಭವ ಇದ್ದರೆ ಅದರ ದಾಖಲೆ ಈಗಲೇ ಹೊರಡಿಸಿಕೊಳ್ಳಿ. ಪುನರ್ವಸತಿ ಮಹಾನಿರ್ದೇಶನಾಲಯ ಕೊನೆಯ ವರ್ಷದಲ್ಲಿ ಕೊಡಿಸುವ ಕೋರ್ಸುಗಳಲ್ಲೂ ನಿಮ್ಮ ಟ್ರೇಡಿಗೆ ಹತ್ತಿರವಾದದ್ದನ್ನೇ ಕೇಳಿ. ಸುಲಭವೆಂದು ಸೆಕ್ಯುರಿಟಿ ಕೋರ್ಸಿಗೆ ಒಪ್ಪಬೇಡಿ.

ಡಿಗ್ರಿ ಚಿಂತೆ ಬಿಡಿ, ಡಿಪ್ಲೊಮಾ ಚಿಂತೆ ಮಾಡಿ. 15 ವರ್ಷ ಸೇವೆ ಮಾಡಿದ ಎಸ್ಸೆಸ್ಸೆಲ್ಸಿಯವರನ್ನು ಕೆಲವು ಗ್ರೂಪ್ ಸಿ ಹುದ್ದೆಗಳಿಗೆ ಪದವೀಧರರಿಗೆ ಸಮ ಎಂದು ಪರಿಗಣಿಸುತ್ತಾರೆ ನಿಜ. ತಾಂತ್ರಿಕ ಅರ್ಹತೆ ಕೇಳುವ ಹುದ್ದೆಗೆ ಅದು ನಡೆಯದು. ಇಸ್ರೋದಲ್ಲಿ ಟೆಕ್ನಿಕಲ್ ಅಸಿಸ್ಟೆಂಟ್‌ಗೆ ಪ್ರಥಮ ದರ್ಜೆ ಡಿಪ್ಲೊಮಾ ಬೇಕು, ಟೆಕ್ನಿಶಿಯನ್‌ಗೆ ಐಟಿಐ. ನಿಮ್ಮ ಟ್ರೇಡ್ ತರಬೇತಿಗೆ ಯಾವ ಮಟ್ಟದ ಸಮಾನತೆ ಇದೆ ಎಂಬುದನ್ನು ದೆಹಲಿಯ ಸುಬ್ರೋತೊ ಪಾರ್ಕಿನಲ್ಲಿರುವ ವಾಯುಪಡೆಯ ರೆಕಾರ್ಡ್ ಆಫೀಸಿನಿಂದ ಬರಹದಲ್ಲಿ ತರಿಸಿ. ಹೊರಬಂದ ಮೇಲೆ ಆ ಒಂದು ಕಾಗದಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಾದೀತು.

ಖಾಸಗಿ ಲ್ಯಾಬಿನಲ್ಲಿ ಶುರುವಿನ ಸಂಬಳ ನಿಮ್ಮ ಈಗಿನ ಸಂಬಳಕ್ಕಿಂತ ಕಡಿಮೆಯಿರಬಹುದು, ಕಾಂಟ್ರ್ಯಾಕ್ಟ್ ಇರಬಹುದು. ಪಿಂಚಣಿ ಬರುವುದರಿಂದ ಎರಡು ವರ್ಷ ಅದನ್ನು ತಾಳಿಕೊಳ್ಳುವ ಶಕ್ತಿ ನಿಮಗಿದೆ. ನಿಮ್ಮ ಹೆಂಡತಿಯ ಮಾತು ಮಾತ್ರ ಹಾಗೆ ಲೆಕ್ಕ ಹಾಕಿ ಮುಗಿಸುವಂಥದ್ದಲ್ಲ. ಈ ಕೆಲಸ ಮಂಗಳೂರಿನಲ್ಲಿ ಇಲ್ಲವೆಂದೇ ಹೇಳಬೇಕು. ಅವರು ಕೇಳುತ್ತಿರುವುದು ಊರನ್ನೋ, ಒಂದೇ ಕಡೆ ನಿಲ್ಲುವ ಸಂಸಾರವನ್ನೋ? ಎರಡನೆಯದಾದರೆ ಬೆಂಗಳೂರು ಅದನ್ನು ಕೊಡಬಲ್ಲದು. ಕೇಳದೆ ತೀರ್ಮಾನಿಸಬೇಡಿ. ಅಪ್ಪ, ಅಣ್ಣನ ಜೊತೆ ಮಾತಾಡಲು ಜೂನ್, ಜುಲೈಯಲ್ಲಿ ರಜೆ ಹಾಕಿ ಬನ್ನಿ. ಮೀನುಗಾರಿಕೆ ನಿಷೇಧದ ಆ ದಿನಗಳಲ್ಲಿ ಬೋಟು ದಕ್ಕೆಯಲ್ಲಿರುತ್ತದೆ, ಎಲ್ಲರೂ ಮನೆಯಲ್ಲಿರುತ್ತಾರೆ. ಅಪ್ಪನಿಗೆ ಬೇಕಾದದ್ದು ಬೋಟಿಗೆ ಇನ್ನೊಂದು ಆಳೋ, ಮಗ ಕಣ್ಣೆದುರು ಇರುವುದೋ, ಬೋಟಿನ ಸಾಲಕ್ಕೆ ಒಂದು ಹೆಗಲೋ ಎಂದು ಎದುರು ಕೂತು ಕೇಳಿ. ಸಾಲದ ಹೆಗಲಾದರೆ ಬೆಂಗಳೂರಿನಿಂದಲೂ ಕೊಡಬಹುದು.

ಅಕ್ಕನ ಮಗನಿಗೆ ಹಠ ಬೇಡ ಎನ್ನಬೇಡಿ, ಕ್ರಮ ಬದಲಿಸು ಎನ್ನಿ. ಅಗ್ನಿವೀರರ ಅವಧಿ 4 ವರ್ಷ, ಖಾಯಂ ಆಗುವುದು ಹೆಚ್ಚೆಂದರೆ ಶೇ. 25 ಮಂದಿ. ಉಳಿದವರು ಇಪ್ಪತ್ತೈದರ ಆಸುಪಾಸಿನಲ್ಲೇ ಹೊರಬರುತ್ತಾರೆ, ಪಿಂಚಣಿ ಇಲ್ಲದೆ. ಮೊದಲು ಮಂಗಳೂರು ಕದ್ರಿಯ ಕರ್ನಾಟಕ ಪಾಲಿಟೆಕ್ನಿಕ್‌ನಲ್ಲಿ (ಕೆಪಿಟಿ) ಮೆಕ್ಯಾನಿಕಲ್ ಅಥವಾ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಲಿ. ವಯೋಮಿತಿಯೊಳಗೆ ಅರ್ಜಿ ಹಾಕಲು ಆಗಲೂ ಸಮಯವಿದೆಯೇ ಎಂದು ಅವನ ಜನ್ಮದಿನಾಂಕ ಹಿಡಿದು ಇಬ್ಬರೂ ಕೂತು ಲೆಕ್ಕ ಹಾಕಿ.