ರ‍್ಯಾಕೆಟ್ ಕೇಳುವ ರೀತಿಯಲ್ಲೂ ಕಾನೂನಿದೆ

ಮುಂಬೈನ ಧೋಬಿ ತಲಾವ್‌ನ ಕ್ರೀಡಾ ಸಾಮಗ್ರಿ ಅಂಗಡಿಗೆ ಹೋಗಿ ‘ಯೋನೆಕ್ಸ್ ಆಸ್ಟ್ರಾಕ್ಸ್ 100 ಝಡ್‌ಝಡ್ ಕೊಡಿ’ ಎನ್ನಬಹುದು. ‘ಮಗಳು ಈಗಷ್ಟೇ ಬ್ಯಾಡ್ಮಿಂಟನ್ ಕಲಿಯುತ್ತಿದ್ದಾಳೆ, ಅವಳಿಗೆ ಹೊಂದುವಂಥದ್ದು ಕೊಡಿ’ ಎಂದೂ ಕೇಳಬಹುದು. ಅಂಗಡಿಯವನಿಗೆ ಎರಡೂ ವ್ಯಾಪಾರವೇ. ಕಾನೂನಿಗೆ ಮಾತ್ರ ಅವು ಬೇರೆ ಬೇರೆ. ಯಾವ ಉದ್ದೇಶಕ್ಕೆ ಬೇಕೆಂದು ತಿಳಿಸಿ, ಮಾರುವವನ ತಿಳಿವಳಿಕೆಯನ್ನು ನಂಬಿ ಕೊಂಡರೆ, ಸರಕು ಆ ಉದ್ದೇಶಕ್ಕೆ ತಕ್ಕಷ್ಟು ಒದಗಬೇಕು ಎಂಬ ಷರತ್ತು ಬಾಯಿಬಿಟ್ಟು ಹೇಳದಿದ್ದರೂ ವ್ಯವಹಾರದೊಳಗೆ ಸೇರಿಕೊಳ್ಳುತ್ತದೆ. 1930ರ ಸರಕು ಮಾರಾಟ ಕಾಯ್ದೆಯ 16ನೇ ಸೆಕ್ಷನ್ ಹೇಳುವುದು ಇದನ್ನೇ. ನಿರ್ದಿಷ್ಟ ಮಾಡೆಲನ್ನು ಹೆಸರು ಹಿಡಿದು ಕೇಳಿ ಕೊಂಡರೆ ಈ ರಕ್ಷಣೆ ಇಲ್ಲ. ಟಿ.ವಿ.ಯಲ್ಲಿ ಬ್ಯಾಡ್ಮಿಂಟನ್ ತಾರೆ ವಿಕ್ಟರ್ ಆಕ್ಸೆಲ್ಸನ್ ಕೈಯಲ್ಲಿ ಕಂಡದ್ದೇ ಬೇಕೆಂದು ಹಟ ಹಿಡಿದವರು ಇದನ್ನು ನೆನಪಿಡಬೇಕು: ಅದು ತಲೆಭಾರದ, ಬಿಗಿ ದಂಡದ ರ‍್ಯಾಕೆಟ್. ಕಲಿಯುವವರ ಭುಜ ನೋಯಿಸಬಲ್ಲದು.

ಹೊಸಬರಿಗೆ 4ಯು, ಅಂದರೆ 80ರಿಂದ 84 ಗ್ರಾಂ ತೂಕದ್ದು ಸಾಕು; ಎಳೆಯ ಕೈಗೆ 75ರಿಂದ 79 ಗ್ರಾಮಿನ 5ಯು ಕೂಡ ಒಳ್ಳೆಯದೇ. ದಂಡ ಸ್ವಲ್ಪ ಬಾಗುವಂತಿರಲಿ, ಭಾರ ತಲೆಯ ಕಡೆ ವಾಲದಿರಲಿ, ಗಟ್ಟಿಂಗ್ (ದಾರದ ಬಿಗಿತ) 20–22 ಪೌಂಡ್ ದಾಟದಿರಲಿ. ಈ ವಿವರಗಳಲ್ಲಿ ಆದಷ್ಟನ್ನು ಬಿಲ್ಲಿನಲ್ಲಿ ಬರೆಸಿ. ಬಿಲ್ಲಿನ ಮೇಲೆ ಬರೀ ‘ರ‍್ಯಾಕೆಟ್ 1’ ಎಂದಿದ್ದರೆ ನಾಳೆ ವಾದಿಸಲು ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಕೊಳ್ಳುವ ಮುನ್ನ ವಾಟ್ಸ್ಆಪ್‌ನಲ್ಲಿ ‘ಕಲಿಯುವವರಿಗೆ ಯಾವುದು ಒಳ್ಳೆಯದು’ ಎಂದು ಕೇಳಿ, ಬಂದ ಉತ್ತರವನ್ನು ಉಳಿಸಿಕೊಳ್ಳುವುದು ಇನ್ನೂ ಜಾಣತನ.

‘ಬಿಲ್ ಬೇಡವಾದರೆ ನೂರು ರೂಪಾಯಿ ಕಡಿಮೆ’ ಎಂಬ ಮಾತಿಗೆ ಮರುಳಾಗಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ ವಾಪಸ್ ಪಡೆದು ಹಣ ಕೊಡಲು ಒಪ್ಪದಿರುವುದೂ ಹಾಗೆಯೇ. ‘ಮಾರಿದ ಮಾಲು ವಾಪಸಿಲ್ಲ’ ಎಂಬ ಬೋರ್ಡು ದೋಷದ ಮಾಲಿನ ಮುಂದೆ ನಿಲ್ಲುವುದಿಲ್ಲ. ಎಂ.ಆರ್.ಪಿ.ಯಲ್ಲಿ ತೆರಿಗೆ ಸೇರಿಯೇ ಇರುತ್ತದೆ. ಅದರ ಮೇಲೆ ಜಿ.ಎಸ್.ಟಿ. ಕೇಳುವಂತಿಲ್ಲ.

ದೋಷ ಎಂದರೆ ಬಿರುಕು ಮಾತ್ರವೇ ಅಲ್ಲ. ಮಾರುವವನು ಹೇಳಿಕೊಂಡ ಗುಣಮಟ್ಟ ವಸ್ತುವಿನಲ್ಲಿ ಇಲ್ಲದಿದ್ದರೆ ಅದೂ ದೋಷವೇ. ‘ಫುಲ್ ಗ್ರಾಫೈಟ್’ ಎಂದು ಮಾರಿದ್ದು ಉಕ್ಕಿನ ದಂಡದ್ದಾಗಿದ್ದರೆ, ಒರಿಜಿನಲ್ ಎಂದು ಕೊಟ್ಟದ್ದು ನಕಲಿಯಾಗಿದ್ದರೆ ದೂರು ಕೊಡಬಹುದು. ಆದರೆ ಫ್ರೇಮಿನ ಮೇಲೆ ಮುದ್ರಿಸಿದ ಮಿತಿಗಿಂತ ಬಿಗಿಯಾಗಿ ಗಟ್ಟಿಂಗ್ ಮಾಡಿಸಿ ಮುರಿದುಕೊಂಡರೆ, ಡಬಲ್ಸ್ ಆಡುವಾಗ ಜೊತೆಗಾರನ ರ‍್ಯಾಕೆಟ್ಟಿಗೆ ಬಡಿದು ಸೀಳಿದರೆ, ಅಂಗಡಿಯವನನ್ನು ದೂರುವುದು ನ್ಯಾಯವೂ ಅಲ್ಲ, ಗೆಲ್ಲುವ ಮೊಕದ್ದಮೆಯೂ ಅಲ್ಲ.

ಅಂಗಡಿಯವನು ಜಗ್ಗದಿದ್ದರೆ ಮೊದಲು 1915ಕ್ಕೆ ಕರೆ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಕನ್ನಡದಲ್ಲೂ ಮಾತಾಡುತ್ತದೆ. ಒಂದೆರಡು ಸಾವಿರ ರೂಪಾಯಿಯ ತಕರಾರು ಹೆಚ್ಚಾಗಿ ಇಲ್ಲೇ ಬಗೆಹರಿಯಲಿ ಎಂಬುದು ನನ್ನ ಆಸೆ, ಏಕೆಂದರೆ ಗ್ರಾಹಕ ಆಯೋಗದ ದಾರಿ ಉದ್ದ. ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಆ ಜಾಲತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು.

ಅದೂ ಫಲಿಸದಿದ್ದರೆ ಪರೇಲ್‌ಗೆ ಬನ್ನಿ. ಮಹಾತ್ಮ ಗಾಂಧಿ ಆಸ್ಪತ್ರೆಯ ಹತ್ತಿರ, ಜನರಲ್ ನಾಗೇಶ್ ಮಾರ್ಗದ ಪುರವಠಾ ಭವನದಲ್ಲಿ ದಕ್ಷಿಣ ಮುಂಬೈ ಮತ್ತು ಮಧ್ಯ ಮುಂಬೈ ಜಿಲ್ಲಾ ಗ್ರಾಹಕ ಆಯೋಗಗಳಿವೆ. ಉಪನಗರದ್ದು ಬಾಂದ್ರಾದಲ್ಲಿ. 2019ರ ಕಾಯ್ದೆ ತಂದ ಒಳ್ಳೆಯ ಬದಲಾವಣೆಯೆಂದರೆ, ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮಾರಿದವನು ದಿಲ್ಲಿಯಲ್ಲಿದ್ದರೂ ಸರಿಯೇ. ಡೊಂಬಿವಲಿಯಿಂದ ದಿನಾ ರೈಲು ಹತ್ತಿ ಪರೇಲ್‌ನ ಕಚೇರಿಗೆ ಬರುವವರಿಗೆ ಇದು ಅನುಕೂಲ. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ತಕರಾರು ಹುಟ್ಟಿದ ಎರಡು ವರ್ಷದೊಳಗೆ ದೂರು ಸಲ್ಲಿಸಿದರಾಯಿತು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೂ ಸಲ್ಲಿಸಬಹುದು.

ದೋಷ ಬರಿಗಣ್ಣಿಗೆ ಕಾಣದಿದ್ದರೆ ಆಯೋಗ ರ‍್ಯಾಕೆಟ್ಟನ್ನು ಪ್ರಯೋಗಾಲಯಕ್ಕೆ ಕಳಿಸಬಹುದು; ಅದರ ಶುಲ್ಕವನ್ನು ಮೊದಲು ನಿಮ್ಮಿಂದಲೇ ಕಟ್ಟಿಸಿಕೊಳ್ಳಬಹುದು. ಹೀಗಾಗಿ ಮುರಿದದ್ದನ್ನು ಅಂಟಿಸಲು, ಬೇರೆ ಗಟ್ಟಿಂಗ್ ಹಾಕಿಸಲು ಹೋಗಬೇಡಿ. ಹಾಗೇ ಕವರಿನಲ್ಲಿಟ್ಟು, ಬಿಲ್ ಜೊತೆಗೆ ತೆಗೆದಿಡಿ.