ಟ್ಯೂಬಿನಲ್ಲಿ ಕೂತು ಟ್ರೌಟ್ ಹಿಡಿಯಲು ಹೊರಟವರಿಗೆ ಕಿವಿಮಾತು

ಏಪ್ರಿಲ್ ತಿಂಗಳ ನಾಲ್ಕನೇ ಶನಿವಾರ ವಾಷಿಂಗ್ಟನ್ ರಾಜ್ಯದ ತಗ್ಗಿನ ಕೆರೆಗಳಲ್ಲಿ ಟ್ರೌಟ್ ಹಿಡಿಯುವ ಕಾಲ ಶುರುವಾಗುತ್ತದೆ. ರೇನ್‌ಬೋ ಟ್ರೌಟನ್ನು ಸರ್ಕಾರವೇ ಸಾಕಿ ತಂದು ಬಿಟ್ಟಿರುತ್ತದೆ. ಸಿಯಾಟಲ್ ಸುತ್ತಮುತ್ತಲಿನ ನಮ್ಮ ಹುಡುಗ ಹುಡುಗಿಯರೂ ಈಗೀಗ ಫ್ಲೋಟ್ ಟ್ಯೂಬ್ ಕೊಂಡು ನೀರಿಗಿಳಿಯುತ್ತಿದ್ದಾರೆ. ಹಿಂದೆ ಲಾರಿ ಟೈರಿನ ಟ್ಯೂಬಿಗೆ ಕೂರಲು ಬಟ್ಟೆ ಕಟ್ಟಿಕೊಂಡು ಮಾಡುತ್ತಿದ್ದದ್ದೇ ಈಗ ಬಣ್ಣಬಣ್ಣದ್ದಾಗಿ ಅಂಗಡಿಗೆ ಬಂದಿದೆ. ಸೊಂಟದವರೆಗೆ ನೀರಿನಲ್ಲಿದ್ದು, ಕಾಲಿಗೆ ಕಟ್ಟಿದ ಫಿನ್ ಬಡಿಯುತ್ತ ಹಿಂದುಹಿಂದಕ್ಕೆ ತೇಲುತ್ತ ಹೋಗುವುದು. ದೋಣಿ ಬೇಡ, ಮೋಟಾರು ಬೇಡ. ಕುಂದಾಪುರ ಕಡೆಯವಳಾದ ನನಗೆ ಮೀನು ಹೊಸದಲ್ಲ. ಈ ಟ್ಯೂಬೂ ಈಗ ಹಳೆಯದಾಗಿದೆ. ಅದಕ್ಕೇ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳದೆ ಕೇಳಿ.

• ಲೈಸೆನ್ಸ್ ಮೊದಲು, ಗಾಳ ಆಮೇಲೆ. 15 ತುಂಬಿದ ಎಲ್ಲರಿಗೂ ಬೇಕು. ಅದರ ವರ್ಷ ಏಪ್ರಿಲ್ 1ಕ್ಕೆ ಶುರುವಾಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ. “ಹೋದ ಜೂನಿನಲ್ಲಿ ತಗೊಂಡಿದ್ದೆ, ಇನ್ನೂ ನಡೆಯುತ್ತೆ” ಅನ್ನುವವರೇ ಸೀಸನ್ನಿನ ಮೊದಲ ಶನಿವಾರ ಸಿಕ್ಕಿಬೀಳುವುದು.

• ಊರಿಂದ ಬಂದ ಅಪ್ಪನನ್ನೋ ಮಾವನನ್ನೋ ಕರೆದೊಯ್ಯುವುದಾದರೆ ಒಂದೆರಡು ದಿನದ ಲೈಸೆನ್ಸ್ ಸಿಗುತ್ತದೆ. ಆದರೆ ಸೀಸನ್ ತೆರೆದ ಮೊದಲ 8 ದಿನ ಅದರಲ್ಲಿ ಟ್ರೌಟ್ ಹಿಡಿಯುವಂತಿಲ್ಲ. ಆ ದಿನಗಳು ಕಳೆದ ಮೇಲೆ ಅವರನ್ನು ಮೇ ತಿಂಗಳಲ್ಲಿ ಕರೆದೊಯ್ಯಿರಿ. ಗದ್ದಲ ಕಡಿಮೆ, ಚಳಿಯೂ ಕಡಿಮೆ.

• ವರ್ಷದ ಲೈಸೆನ್ಸಿನ ಜೊತೆ ಬರುವ ವಾಹನದ ಪಾಸನ್ನು ಕಾರಿನಲ್ಲೇ ಇಟ್ಟಿರಿ, ಮನೆಯ ಡ್ರಾಯರಿನಲ್ಲಿ ಅಲ್ಲ. ಅದು ಮೀನು ಇಲಾಖೆಯ ಜಾಗಗಳಿಗೆ ನಡೆಯುತ್ತದೆ. ಸ್ಟೇಟ್ ಪಾರ್ಕಿಗೆ ಡಿಸ್ಕವರ್ ಪಾಸ್ ಬೇರೆ ಬೇಕು. ದಂಡ ಕಟ್ಟುವ ದುಡ್ಡಿಗೆ ಒಳ್ಳೆಯ ಅಂಜಲ್ ಮೀನೇ ಬರುತ್ತದೆ.

• ಯಾವ ಕೆರೆಗೆ ಹೊರಟಿದ್ದೀರೋ ಆ ಕೆರೆಯ ನಿಯಮವನ್ನು ಹಿಂದಿನ ರಾತ್ರಿ ಓದಿ ಮಲಗಿ. ಹೆಚ್ಚಿನ ಕಡೆ ದಿನಕ್ಕೆ 5 ಟ್ರೌಟ್, ಆದರೆ ಎಲ್ಲ ಕಡೆ ಅಲ್ಲ. ಫಿಡಾಲ್ಗೋ ದ್ವೀಪದ ಪಾಸ್ ಲೇಕಿನಲ್ಲಿ ಫ್ಲೈ ಗಾಳ (ಹುಳದಂತೆ ಕಾಣಲು ಗರಿ, ದಾರ ಸುತ್ತಿದ್ದು) ಮಾತ್ರ, ಹಿಡಿದ ಮೀನನ್ನು ಬಿಟ್ಟು ಬರಬೇಕು. ಅಲ್ಲಿಗೆ ಕಾವಲಿ ಹೊತ್ತು ಹೋದರೆ ಕಾವಲಿಗೆ ಊರು ತೋರಿಸಿಕೊಂಡು ಬಂದ ಹಾಗೆ.

• ಎರೆಹುಳ, ಪವರ್‌ಬೈಟ್ ಮುಂತಾದ ಎರೆ ಕಟ್ಟಿ ಹಿಡಿಯುವುದಾದರೆ ಇನ್ನೊಂದು ಮಾತು. ಹಾಗೆ ಸಿಕ್ಕ ಟ್ರೌಟನ್ನು ಬಿಟ್ಟರೂ ಅದು ನಿಮ್ಮ 5ರ ಲೆಕ್ಕಕ್ಕೇ ಸೇರುತ್ತದೆ. ಎರೆಯನ್ನು ಮೀನು ಆಳಕ್ಕೆ ನುಂಗಿರುತ್ತದೆ, ಬಿಟ್ಟರೂ ಬದುಕುವುದು ಕಷ್ಟ. ದಿನವಿಡೀ ಹಿಡಿದು ಬಿಟ್ಟು ಆಡಬೇಕೆನ್ನುವವರು ಫ್ಲೈ ಕಟ್ಟಿ.

• ಟ್ಯೂಬಿಗೆ ಹಿಂದಿನ ರಾತ್ರಿಯೇ ಗಾಳಿ ತುಂಬಿ ನೋಡಿ. ಬೆಳಗ್ಗೆ ಮೆತ್ತಗಾಗಿದ್ದರೆ ಎಲ್ಲೋ ತೂತಿದೆ. ಸೋಪಿನ ನೀರು ಸವರಿ, ಗುಳ್ಳೆ ಎದ್ದ ಕಡೆ ತೇಪೆ ಹಾಕಿ. ಹೊಸ ಟ್ಯೂಬು ಬೇಕಾಗಿಲ್ಲ.

• ನೀರಿಗಿಟ್ಟ ಐದು ನಿಮಿಷಕ್ಕೆ ಮತ್ತೆ ಒತ್ತಿ ನೋಡಿ. ತಣ್ಣೀರಿಗೆ ಒಳಗಿನ ಗಾಳಿ ಕುಗ್ಗುತ್ತದೆ, ಇನ್ನೆರಡು ಪಂಪು ಬೇಕಾಗುತ್ತದೆ. ತುಂಬಿದ ಟ್ಯೂಬನ್ನು ಬಿಸಿಲಿಗೆ ನಿಂತ ಕಾರಿನೊಳಗೆ ಮಾತ್ರ ಬಿಡಬೇಡಿ. ಅಲ್ಲಿ ಹಿಗ್ಗಿ ಹೊಲಿಗೆ ಬಿಟ್ಟುಕೊಳ್ಳುತ್ತದೆ.

• ಲೈಫ್ ಜಾಕೆಟ್ ಹಾಕಿಕೊಳ್ಳಿ. ಮೇ ತಿಂಗಳಲ್ಲೂ ನೀರು ಮೈ ಕೊರೆಯುವಷ್ಟು ತಣ್ಣಗಿರುತ್ತದೆ. ಸೆಟೆದ ಕೈಗೆ ಈಜು ನೆನಪಿರುವುದಿಲ್ಲ.

• ವೇಡರ್, ಅಂದರೆ ಪಾದದಿಂದ ಎದೆಯವರೆಗಿನ ನೀರು ಹೊಗದ ಉಡುಪು, ಹಾಕುವ ಮುಂಚೆ ಶೌಚಕ್ಕೆ ಹೋಗಿ ಬನ್ನಿ. ನಗಬೇಡಿ. ಅದನ್ನು ಬಿಚ್ಚಿ ಮತ್ತೆ ಹಾಕುವಷ್ಟರಲ್ಲಿ ಮೀನು ಕಚ್ಚುವ ಹೊತ್ತೇ ಮುಗಿದಿರುತ್ತದೆ.

• ವೇಡರಿನ ಸೊಂಟಪಟ್ಟಿ ಬಿಗಿಯಾಗಿ ಕಟ್ಟಿ, ನೀರು ಕಾಲಿನ ತನಕ ಇಳಿಯದಿರಲಿ. ಒಳಗೆ ಉಣ್ಣೆಯ ಕಾಲುಚೀಲ ಹಾಕಿ. ಹತ್ತಿಯದು ಒದ್ದೆಯಾದರೆ ಬರೀ ಚಳಿ.

• ಫಿನ್ ಕಟ್ಟಿದ ಮೇಲೆ ಹಿಂದುಹಿಂದಾಗಿಯೇ ನಡೆದು ನೀರಿಗಿಳಿಯಿರಿ. ಮುಂದಕ್ಕೆ ನಡೆದರೆ ಅದರ ತುದಿಯೇ ಕಾಲಿಗೆ ತೊಡರಿ ಬೀಳಿಸುತ್ತದೆ, ಗಾಳದ ಕೋಲೂ ಮುರಿಯುತ್ತದೆ.

• ಗಾಳಿ ಎಲ್ಲಿಂದ ಬೀಸುತ್ತಿದೆ ನೋಡಿ, ಮೊದಲು ಅದಕ್ಕೆದುರಾಗಿ ಹೋಗಿ. ಮಧ್ಯಾಹ್ನ ಕಾಲು ಸೋತಾಗ ಅದೇ ಗಾಳಿ ನಿಮ್ಮನ್ನು ದಡಕ್ಕೆ ತಳ್ಳುತ್ತದೆ. ಇದನ್ನು ಮರೆತವರು ಆಚೆ ದಡದಲ್ಲಿ ಹತ್ತಿ, ಟ್ಯೂಬು ಹೊತ್ತು ಕೆರೆ ಸುತ್ತಿಕೊಂಡು ಬರುತ್ತಾರೆ.

• ಇಕ್ಕಳ, ಬಲೆ, ಫಿನ್ ಎಲ್ಲಕ್ಕೂ ಒಂದೊಂದು ದಾರ ಕಟ್ಟಿ. ಫೋನನ್ನು ಜಿಪ್ ಚೀಲಕ್ಕೆ ಹಾಕಿ. ಕೆರೆಗೆ ಬಿದ್ದದ್ದು ಕೆರೆಯದೇ.

• ಹತ್ತಾರು ಬಗೆಯ ಫ್ಲೈ ಕೊಳ್ಳಬೇಡಿ. ಪಾಚಿ ಹಸಿರಿನದೊಂದು, ಕಪ್ಪಿನದೊಂದು ವುಲ್ಲಿ ಬಗ್ಗರ್ ಇದ್ದರೆ ಕಲಿಯುವವರಿಗೆ ಧಾರಾಳ. ಉದ್ದಕ್ಕೆ ದಾರ ಬಿಟ್ಟು, ಕೋಲಿನ ತುದಿ ನೀರಿನ ಹತ್ತಿರ ಇಟ್ಟು, ಮೆಲ್ಲಗೆ ಕಾಲಾಡಿಸುತ್ತ ಹೋಗಿ. ಆತುರದವರಿಗಿಂತ ಸೋಮಾರಿಗಳಿಗೇ ಇದರಲ್ಲಿ ಹೆಚ್ಚು ಮೀನು.

• ಎಷ್ಟು ಮೀನು ಬೇಕೆಂದು ನೀರಿಗಿಳಿಯುವಾಗಲೇ ತೀರ್ಮಾನಿಸಿ. ಐದು ಹಿಡಿಯಬಹುದು ಅಂದರೆ ಐದು ಹಿಡಿಯಲೇಬೇಕು ಅಂತಲ್ಲ. ಇಬ್ಬರ ಊಟಕ್ಕೆ ಎರಡು ಸಾಕು. ಫ್ರೀಜರಿಗೆ ಹೋದ ಟ್ರೌಟ್ ದೀಪಾವಳಿಯವರೆಗೆ ಅಲ್ಲೇ ಇರುತ್ತದೆ, ಆಮೇಲೆ ಕಸಕ್ಕೆ.

• ಬಿಡುವ ಮೀನನ್ನು ಒದ್ದೆ ಕೈಯಲ್ಲೇ ಮುಟ್ಟಿ. ಒಣ ಕೈಗೆ ಅದರ ಮೈಯ ಲೋಳೆ ಅಂಟಿ ಬರುತ್ತದೆ, ಆಮೇಲೆ ರೋಗ ಹತ್ತುತ್ತದೆ. ಗಾಳದ ಮುಳ್ಳನ್ನು ಮೊದಲೇ ಇಕ್ಕಳದಲ್ಲಿ ಅಮುಕಿಡಿ, ಬಿಡಿಸುವುದು ಸುಲಭ. ನಿಮ್ಮ ಬೆರಳಿಗೆ ಹೊಕ್ಕರೂ ಸುಲಭ.

• ಇಟ್ಟುಕೊಳ್ಳುವ ಮೀನನ್ನು ನರಳಿಸಬೇಡಿ. ತಲೆಗೊಂದು ಗಟ್ಟಿ ಪೆಟ್ಟು ಕೊಟ್ಟು, ಕಿವಿರು ಕತ್ತರಿಸಿ ರಕ್ತ ಇಳಿಸಿ, ಐಸಿನಲ್ಲಿಡಿ. ದಾರಕ್ಕೆ ಪೋಣಿಸಿ ಬಿಸಿಲಿಗೆ ಕಾದ ನೀರಿನಲ್ಲಿ ಮಧ್ಯಾಹ್ನದ ತನಕ ಎಳೆದಾಡಿದ ಮೀನಿನ ಮಾಂಸ ಮೆತ್ತಗಾಗಿ ಹಿಟ್ಟಾಗುತ್ತದೆ. ಮಸಾಲೆ ಚೆನ್ನಾಗಿಲ್ಲ ಅಂತ ಆಮೇಲೆ ನನ್ನನ್ನು ಬೈಯಬೇಡಿ.

ಇನ್ನು ಅಡಿಗೆ. ಇಷ್ಟು ಹೊತ್ತು ಹೇಳಿದ್ದು ಅದಕ್ಕಾಗಿಯೇ.

• ಹೊಟ್ಟೆ ಸೀಳಿ ಕರುಳು ತೆಗೆದ ಮೇಲೆ ಬೆನ್ನೆಲುಬಿಗೆ ಅಂಟಿದ ಕಪ್ಪು ಕೆಂಪಿನ ಗೆರೆಯನ್ನು ಹೆಬ್ಬೆರಳಿನಿಂದಲೋ ಚಮಚದಿಂದಲೋ ಕೆರೆದು ತೊಳೆಯಿರಿ. ಕಹಿ, ಕೌಲು ಎಲ್ಲ ಅಲ್ಲೇ ಇರುವುದು. ಹುರುಪೆ ಕೆರೆಯುವ ಕೆಲಸ ಬೇಡ. ಟ್ರೌಟಿನ ಹುರುಪೆ ಅಷ್ಟು ಸಣ್ಣದು, ಚರ್ಮದ ಜೊತೆಗೇ ಗರಿಗರಿಯಾಗುತ್ತದೆ.

• ಕರುಳನ್ನು ದಡದಲ್ಲಿ ಎಸೆಯಬೇಡಿ. ಚೀಲಕ್ಕೆ ಕಟ್ಟಿ ಒಯ್ಯಿರಿ. ಮಲೆಗಳ ಕಡೆ ಆ ವಾಸನೆಗೆ ಕರಡಿ ಬರುತ್ತದೆ, ಊರ ಕೆರೆಯಲ್ಲಿ ನೊಣ.

• ಮಸಾಲೆಯನ್ನು ಮನೆಯಲ್ಲೇ ಕಲಸಿ ಡಬ್ಬಿಯಲ್ಲಿ ಒಯ್ಯಿರಿ. ಬ್ಯಾಡಗಿ ಮೆಣಸಿನ ಪುಡಿ, ಅರಿಶಿನ, ಜಜ್ಜಿದ ಬೆಳ್ಳುಳ್ಳಿ, ಉಪ್ಪು, ಸ್ವಲ್ಪ ಗಟ್ಟಿ ಹುಣಸೆ ರಸ. ಬಂಗುಡೆಗೆ ಬಳಿಯುವ ಅರ್ಧದಷ್ಟು ಸಾಕು. ಬಂಗುಡೆ ಎಷ್ಟು ಖಾರಕ್ಕೂ ಜಗ್ಗುವುದಿಲ್ಲ, ಟ್ರೌಟ್ ಪಾಪದ ಮೀನು. ನನ್ನ ಮಟ್ಟಿಗೆ ಇದು ಕಾಣೆ ಮೀನಿನ ಕಡೆಯದು.

• ಕೆಲವು ಕೆರೆಯ ಮೀನಿಗೆ ಬೇಸಿಗೆಯಲ್ಲಿ ಕೆಸರಿನ ವಾಸನೆ ಇರುತ್ತದೆ. ಹುಳಿ ಅದಕ್ಕೆ ಮದ್ದು. ಆದರೆ ಕಾಲು ಗಂಟೆಗಿಂತ ಹೆಚ್ಚು ನೆನೆಸಿಡಬೇಡಿ. ಲಿಂಬೆ ರಸದಲ್ಲಿ ಬಿಟ್ಟ ಮಾಂಸ ಬೆಳ್ಳಗೆ ಬಿಗಿದು, ಕಾವಲಿಗೆ ಹಾಕಿದಾಗ ಒಣಗುತ್ತದೆ.

• ಬೇಸಿಗೆಯಲ್ಲಿ, ಅದರಲ್ಲೂ ರಾಜ್ಯದ ಪೂರ್ವದ ಒಣ ಭಾಗದಲ್ಲಿ, ಬಯಲಲ್ಲಿ ಬೆಂಕಿ ಹಾಕುವುದಕ್ಕೆ ನಿಷೇಧ ಬರುತ್ತದೆ. ಕೇಳಿಕೊಂಡು ಹೋಗಿ. ಸಣ್ಣ ಗ್ಯಾಸ್ ಒಲೆ ಒಯ್ದರೆ ಹೊಗೆಯೂ ಇಲ್ಲ, ಸೌದೆಗೆ ದುಡ್ಡೂ ಇಲ್ಲ.

• ಕಬ್ಬಿಣದ ಕಾವಲಿ ಚೆನ್ನಾಗಿ ಕಾಯಲಿ, ತೆಂಗಿನೆಣ್ಣೆ ಹಾಕಿ. ಎಣ್ಣೆಯ ಬಾಟಲಿಯನ್ನು ಜೇಬಿನಲ್ಲಿಟ್ಟುಕೊಳ್ಳಿ. ಅಲ್ಲಿನ ಬೆಳಗಿನ ಚಳಿಗೆ ಅದು ಕಲ್ಲಾಗಿರುತ್ತದೆ. ಮೀನಿನ ಮೈ ಒರೆಸಿ, ಮಸಾಲೆ ಸವರಿ, ಸಣ್ಣ ರವೆಯಲ್ಲಿ ಹೊರಳಿಸಿ ಹಾಕಿ. ಹಾಕಿದ ಮೇಲೆ ಕೆದಕಬೇಡಿ. ಬೆಂದ ಬದಿ ತಾನೇ ಕಾವಲಿ ಬಿಡುತ್ತದೆ, ಆಗ ಒಂದೇ ಸಲ ಮಗುಚಿ.

• ಅರೆಬೆಂದ ಸಿಹಿನೀರಿನ ಮೀನು ತಿನ್ನಬೇಡಿ, ಹೊಟ್ಟೆಹುಳದ ಭಯವಿದೆ. ಬೆನ್ನಿನ ಹತ್ತಿರ ಬೆರಳಲ್ಲಿ ಒತ್ತಿದರೆ ಮಾಂಸ ಎಸಳೆಸಳಾಗಿ ಬರಬೇಕು.

• ಇಡೀ ಮೀನನ್ನೇ ಹುರಿಯಿರಿ, ತುಂಡು ಮಾಡಬೇಡಿ. ಬೆಂದ ಮೇಲೆ ಬಾಲ ಹಿಡಿದು ಎತ್ತಿದರೆ ಬೆನ್ನೆಲುಬು ಪೂರ್ತಿ ಮೇಲೆ ಬರುತ್ತದೆ, ಮಕ್ಕಳಿಗೆ ಮುಳ್ಳು ಹೆಕ್ಕಿ ಕೊಡುವ ಕೆಲಸ ಅರ್ಧ ಉಳಿಯಿತು.

• ಅನ್ನ ಮನೆಯಿಂದಲೇ ಒಯ್ಯಿರಿ. ಕುಚ್ಚಲಕ್ಕಿಯದಾದರೆ ಸಂಜೆಯ ತನಕ ಕೆಡುವುದಿಲ್ಲ. ಜೊತೆಗೆ ಕೋಕಂ ಕಡಿ ಒಂದು ಫ್ಲಾಸ್ಕಿನಲ್ಲಿ. ಚಿಪ್ಸಿನ ಪೊಟ್ಟಣದ ಮೇಲೆ ದುಡ್ಡು ಹಾಕಬೇಡಿ.

• ಹಿಡಿದ ಮೀನೆಲ್ಲ ಅಲ್ಲೇ ಮುಗಿಯದಿದ್ದರೆ ಉಳಿದವುಗಳ ತಲೆಯನ್ನು ಎಸೆಯದೆ ಐಸಿನಲ್ಲಿ ತನ್ನಿ. ಕಾಯಿ ಅರೆದು, ಕೊತ್ತಂಬರಿ ಮೆಣಸು ಹುರಿದು ಹಾಕಿದರೆ ರಾತ್ರಿಗೆ ಸಾರಾಯಿತು.

• ಮನೆಗೆ ಬಂದೊಡನೆ ಟ್ಯೂಬು, ವೇಡರ್, ಫಿನ್ ತೊಳೆದು, ನೀರಿಳಿಸಿ, ಪೂರ್ತಿ ಒಣಗಿಸಿ. ಒದ್ದೆಯಲ್ಲಿ ಮಡಚಿಟ್ಟರೆ ಬೂಸಲು ಹಿಡಿಯುತ್ತದೆ. ಅದಕ್ಕಿಂತ ಮುಖ್ಯ, ಒಂದು ಕೆರೆಯ ಬಸವನಹುಳು, ಕಳೆ ಇನ್ನೊಂದಕ್ಕೆ ಹೋಗಬಾರದು. ಒಲಿಂಪಿಯಾದ ಕ್ಯಾಪಿಟಲ್ ಲೇಕಿಗೆ ನ್ಯೂಜಿಲೆಂಡಿನ ಪುಟ್ಟ ಬಸವನಹುಳು ಸೇರಿದ್ದಕ್ಕೆ 2009ರಲ್ಲಿ ಜನ ಇಳಿಯದಂತೆ ಅದನ್ನು ಮುಚ್ಚಿಯೇ ಬಿಟ್ಟರು. ವೇಡರನ್ನು ಕಾಲು ಮೇಲಾಗಿ ನೇತುಹಾಕಿ, ನೆರಳಲ್ಲಿ; ಬಿಸಿಲಿಗೆ ಅದರ ರಬ್ಬರು ಬಿರಿಯುತ್ತದೆ. ಫಿನ್ ಎರಡೂ ಇವೆಯಾ, ಎಣಿಸಿ ನೋಡಿ.